ತಂತಿಯ ದಪ್ಪಕ್ಕೆ ಸಿಕ್ಕಿದ್ದು ಎರಡೇ ಅಂಕಿ

ಪಿಯು ಮಕ್ಕಳಿಗೆ ಭೌತಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸುವುದು ನನ್ನ ಕೆಲಸ. ಸಾರ್ಥಕ ಅಂಕಿ (ಸಿಗ್ನಿಫಿಕೆಂಟ್ ಫಿಗರ್ಸ್), ಅಂದರೆ ಉಪಕರಣ ನಿಜವಾಗಿ ತೋರಿಸಬಲ್ಲ ಅಂಕಿಗಳು, ನನಗೆ ಮನವರಿಕೆಯಾದದ್ದು ಬಿ.ಎಸ್ಸಿ. ಓದುವಾಗ, ಒಂದು ಕಾನ್‌ಸ್ಟಂಟನ್ (ತಾಮ್ರ-ನಿಕಲ್ ಮಿಶ್ರಲೋಹದ) ತಂತಿಯಿಂದ.

ತಂತಿಯ ರೋಧಶೀಲತೆ, ಅಂದರೆ ಆ ಲೋಹ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬುದನ್ನು, ಕಂಡುಹಿಡಿಯಬೇಕಿತ್ತು. ಉದ್ದ 100.0 ಸೆಂ.ಮೀ., ಮೀಟರ್ ಬ್ರಿಡ್ಜ್‌ನಲ್ಲಿ ಸಿಕ್ಕ ರೋಧ 2.95 ಓಮ್, ಸ್ಕ್ರೂ ಗೇಜ್‌ನಲ್ಲಿ ವ್ಯಾಸ 0.46 ಮಿ.ಮೀ. ರೋಧಶೀಲತೆ = π × ವ್ಯಾಸ² × ರೋಧ ÷ (4 × ಉದ್ದ) ಎಂಬ ಸೂತ್ರಕ್ಕೆ ಹಾಕಿದಾಗ ಕ್ಯಾಲ್ಕುಲೇಟರ್ ಕೊಟ್ಟ 4.9026124 × 10⁻⁷ ಓಮ್-ಮೀಟರ್ ಅನ್ನು ಹಾಗೆಯೇ ರೆಕಾರ್ಡಿಗೆ ಇಳಿಸಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆದು ವಾಪಸ್ ಕೊಟ್ಟರು: "ಇಷ್ಟೆಲ್ಲ ಅಂಕಿ ಯಾವ ಉಪಕರಣದಲ್ಲಿ ಕಂಡೆ?"

ಆ ಸಂಜೆ ಮೂರೂ ಅಳತೆಗಳನ್ನು ಪಕ್ಕಪಕ್ಕ ಬರೆದುಕೊಂಡೆ. ಉದ್ದದಲ್ಲಿ ನಾಲ್ಕು ಅಂಕಿ, ರೋಧದಲ್ಲಿ ಮೂರು, ವ್ಯಾಸದಲ್ಲಿ ಬರೀ ಎರಡು. ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಹೋಗುವುದು ಶೇ. 0.1. ವ್ಯಾಸದಲ್ಲಿ ಸ್ಕ್ರೂ ಗೇಜ್‌ನ ಒಂದೇ ಗೆರೆ, 0.01 ಮಿ.ಮೀ., ಆಚೀಚೆಯಾದರೆ ಶೇ. 2ಕ್ಕೂ ಹೆಚ್ಚು, ಸೂತ್ರದಲ್ಲಿ ವ್ಯಾಸದ ವರ್ಗ ಬರುವುದರಿಂದ ಅದು ಶೇ. 4 ದಾಟುತ್ತದೆ. ಅತಿ ಕಡಿಮೆ ಅಂಕಿಯ ಅಳತೆಗಿಂತ ಹೆಚ್ಚು ಅಂಕಿ ಉತ್ತರದಲ್ಲಿ ಉಳಿಯದು, ಹಾಗಾಗಿ ಉತ್ತರ 4.9 × 10⁻⁷ ಎಂಬಲ್ಲಿಗೆ ಮುಗಿಯಿತು. ನಾನೋ ತಂತಿಯನ್ನು ಸ್ಕೇಲಿನ ಮೇಲೆ ನೇರ ಮಾಡುವುದರಲ್ಲೇ ಅರ್ಧ ಗಂಟೆ ಕಳೆದಿದ್ದೆ, ವ್ಯಾಸವನ್ನು ಒಂದೇ ಸಲ ಅಳೆದಿದ್ದೆ!

ಮರುವಾರ ಶ್ರಮದ ಜಾಗ ಬದಲಾಯಿಸಿದೆ. ಮೊದಲು ಶೂನ್ಯ ದೋಷ, ಅಂದರೆ ಏನೂ ಇಡದೆ ಮುಚ್ಚಿದಾಗ ಸ್ಕ್ರೂ ಗೇಜ್ ಸೊನ್ನೆಯನ್ನೇ ತೋರಿಸುತ್ತದೆಯೇ ಎಂದು, ನೋಡಿಕೊಂಡೆ. ತಂತಿಯ ಐದು ಕಡೆ, ಪ್ರತಿ ಕಡೆಯೂ ಒಂದಕ್ಕೊಂದು ಲಂಬವಾಗಿ ಎರಡು ಸಲ, ರ‍್ಯಾಚೆಟ್ (ಹೆಚ್ಚು ಒತ್ತದಂತೆ ತಡೆಯುವ ತುದಿಯ ತಿರುಪು) ಟಿಕ್ ಟಿಕ್ ಎನ್ನುವವರೆಗೆ ಮಾತ್ರ ತಿರುಗಿಸಿ ಹತ್ತು ರೀಡಿಂಗ್ ತೆಗೆದೆ. ಕೆಲವು 0.45, ಹೆಚ್ಚಿನವು 0.46, ಸರಾಸರಿ 0.457. ಉತ್ತರ 4.84 × 10⁻⁷ಕ್ಕೆ ಬಂತು. ಕೊನೆಯ 4 ಅನುಮಾನದ್ದೇ, ಆದರೂ ಅದನ್ನು ಬರೆಯುವ ಹಕ್ಕು ಈ ಸಲ ನನಗಿತ್ತು.

ಈಗ ನನ್ನ ಮಕ್ಕಳು ಹೆಚ್ಚಾಗಿ ಎಡವುವುದು ಲೆಕ್ಕದ ನಡುವೆ. 0.46 ಮಿ.ಮೀ. ವ್ಯಾಸಕ್ಕೆ ಅಡ್ಡಕೊಯ್ತದ ವಿಸ್ತೀರ್ಣ 0.1662 ಚದರ ಮಿ.ಮೀ. ಎರಡೇ ಅಂಕಿ ಸಾಕೆಂದು ಅಲ್ಲೇ 0.17 ಮಾಡಿಕೊಂಡು ಮುಂದುವರಿದರೆ 4.9ರ ಜಾಗದಲ್ಲಿ 5.0 ಬಂದು ಕೂರುತ್ತದೆ. ಅದಕ್ಕೇ ನಡುವೆ ಒಂದೆರಡು ಅಂಕಿ ಹೆಚ್ಚಿಗೆ ಉಳಿಸಿಕೊಂಡು ಕೊನೆಯಲ್ಲಿ ಒಂದೇ ಸಲ ಸರಿಹೊಂದಿಸಿ ಅನ್ನುತ್ತೇನೆ. ಸೂತ್ರದಲ್ಲಿರುವ 4 ಯಾರೂ ಅಳೆದು ತಂದದ್ದಲ್ಲವಾದ್ದರಿಂದ ಅದರ ಅಂಕಿ ಎಣಿಸಬೇಕಿಲ್ಲ.

ಸೊನ್ನೆಯ ತಕರಾರು ಪ್ರತಿ ಬ್ಯಾಚಿನಲ್ಲೂ ಏಳುತ್ತದೆ. "ಸಾರ್, 0.00046 ಮೀಟರ್ ಅಂದರೆ ಐದು ಅಂಕಿ ಆಯ್ತಲ್ಲ?" "4.6 × 10⁻⁴ ಅಂತ ಬರಿ, ಈಗ ಎಣಿಸು" ಅನ್ನುತ್ತೇನೆ. 100.0 ಸೆಂ.ಮೀ. ಅನ್ನು ಬರೀ 1 ಮೀಟರ್ ಎಂದು ಬರೆದುಕೊಂಡವರಿಗೆ ಸ್ಕೇಲನ್ನು ಮತ್ತೆ ಕೈಗೆ ಕೊಟ್ಟು, 1.000ದ ಒಂದೊಂದು ಸೊನ್ನೆಯನ್ನೂ ಅದರ ಗೆರೆಗಳ ಮೇಲೆ ಬೆರಳಿಟ್ಟು ತೋರಿಸಲು ಹೇಳುತ್ತೇನೆ.