ಶುಗರ್ ಮಾತ್ರೆ ನುಂಗುವ ಮುನ್ನ ತಟ್ಟೆಯಲ್ಲಿ ತಿಂಡಿ ಇರಲಿ

ಮಂಡ್ಯದಲ್ಲಿ ಮೆಡಿಕಲ್ ಸ್ಟೋರಿನ ಕೌಂಟರ್ ಹಿಂದೆ ನಿಂತು ಕೆಲಸ ಮಾಡುವವಳು ನಾನು. ಬೆಳಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಅಂಗಡಿ ಮೆಟ್ಟಿಲ ಮೇಲೆ ಯಾರಾದರೂ ಬೆವರುತ್ತಾ ಕುಸಿದು ಕೂರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೇಳಿದರೆ ಕಥೆ ಒಂದೇ. ಆಸ್ಪತ್ರೆಗೋ ತಾಲ್ಲೂಕು ಕಚೇರಿಗೋ ಅಂತ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟಿರುತ್ತಾರೆ. ಶುಗರ್ ಮಾತ್ರೆ ಮರೆಯದೆ ನುಂಗಿರುತ್ತಾರೆ. ತಿಂಡಿ ಮಾತ್ರ ‘ಆಮೇಲೆ ನೋಡ್ಕೊಳ್ಳೋಣ’ ಅಂತ ಬಿಟ್ಟಿರುತ್ತಾರೆ. ಬರಿ ಹೊಟ್ಟೆಯಲ್ಲಿ ಶುಗರ್ ತೀರಾ ಇಳಿದಿರುತ್ತದೆ. ಮಾತ್ರೆ ತಪ್ಪಿಸುವವರ ಬಗ್ಗೆ ಎಲ್ಲರೂ ಬೈಯುತ್ತಾರೆ. ಇಷ್ಟು ಶಿಸ್ತಾಗಿ ನುಂಗಿಯೂ ತೊಂದರೆಗೆ ಸಿಕ್ಕಿಕೊಳ್ಳುವವರಿಗೆ ಹೇಳಿಕೊಡುವವರು ಕಡಿಮೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಮ್ಮ ಮಾತ್ರೆಯ ಒಳಗೇನಿದೆ ಗೊತ್ತು ಮಾಡಿಕೊಳ್ಳಿ

‘ಬಿಳೀದು ಬೆಳಗ್ಗೆ, ಹಸಿರು ರಾತ್ರಿ’ ಅಂತ ನೆನಪಿಟ್ಟುಕೊಂಡರೆ ಸಾಲದು. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಹೆಸರಿರುತ್ತದೆ. ಅದನ್ನು ಮನೆಯ ಓದೋ ಮಕ್ಕಳ ಕೈಲಿ ಒಂದು ಚೀಟಿಗೆ ಬರೆಸಿ.

ಮುಖ್ಯವಾಗಿ ಹುಡುಕಬೇಕಾದದ್ದು ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್. ಇವು ಮೇದೋಜೀರಕ ಗ್ರಂಥಿಯಿಂದ, ಶುಗರ್ ಇಳಿಸುವ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಅಂತ ಇವು ನೋಡುವುದಿಲ್ಲ. ಶುಗರ್ ವಿಪರೀತ ಇಳಿಸುವ ಮಾತ್ರೆಗಳು ಮುಖ್ಯವಾಗಿ ಇವೇ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ತೀರಾ ಕಡಿಮೆ.

ಕಷ್ಟ ಇರುವುದು ಜೋಡಿ ಮಾತ್ರೆಗಳಲ್ಲಿ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಒಂದೇ ಮಾತ್ರೆಯಲ್ಲಿರುತ್ತವೆ. ಬ್ರ್ಯಾಂಡ್ ಹೆಸರಿನ ಕೊನೆಯಲ್ಲಿ 1, 2 ಅಂತ ಇದ್ದರೆ ಅದು ಸಾಮಾನ್ಯವಾಗಿ ಗ್ಲಿಮಿಪಿರೈಡ್ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. 1ರ ಬದಲು 2 ಬಂದರೆ ಆ ಔಷಧಿ ದುಪ್ಪಟ್ಟಾಯಿತು. ಡಾಕ್ಟರ್ ಬದಲಾದಾಗ ಹಳೇ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಜೊತೆಗೇ ನುಂಗುವವರಿದ್ದಾರೆ. ಹೆಸರು ಬೇರೆ, ಒಳಗಿನ ಔಷಧಿ ಒಂದೇ! ಹೊಸ ಚೀಟಿ ಕೈಗೆ ಬಂದಾಗ ಹಳೇ ಪಟ್ಟಿಗಳನ್ನೆಲ್ಲ ಡಾಕ್ಟರ್ ಮೇಜಿನ ಮೇಲೆ ಹರಡಿ, ಯಾವುದು ನಿಲ್ಲಿಸಬೇಕು ಅಂತ ಕೇಳಿ.

ಹಾಗೇ, ಬಿಡಿ ಮಾತ್ರೆ ಕೊಳ್ಳುವಾಗ ಪಟ್ಟಿಯನ್ನು ಹೆಸರು ಮತ್ತು ಎಕ್ಸ್‌ಪೈರಿ ತಾರೀಖು ಹೋಗುವ ಹಾಗೆ ಕತ್ತರಿಸಿ ಕೊಟ್ಟರೆ ತೆಗೆದುಕೊಳ್ಳಬೇಡಿ. ದುಡ್ಡು ಹೊಂದಿಸುವುದು ಕಷ್ಟವಾದರೆ ಜನೌಷಧಿ ಕೇಂದ್ರದಲ್ಲಿ ಇಡೀ ಪಟ್ಟಿ ಕೊಳ್ಳಿ. ಅಲ್ಲಿ ಔಷಧಿಯ ಹೆಸರಿನಲ್ಲೇ ಸಿಗುತ್ತದೆ, ಬೆಲೆಯೂ ಕಡಿಮೆ.

ಹೆಜ್ಜೆ 2: ಗಡಿಯಾರ ನೋಡಬೇಡಿ, ತಟ್ಟೆ ನೋಡಿ

ಎಲ್ಲರೂ ಎಡವುವುದು ಇಲ್ಲಿ. ಚೀಟಿಯಲ್ಲಿ ‘ಬೆಳಗ್ಗೆ, ಊಟಕ್ಕೆ ಮುಂಚೆ’ ಅಂತ ಇರುತ್ತದೆ. ನಮ್ಮ ಕಡೆ ಬೆಳಗ್ಗೆ ಅಂದರೆ 6 ಗಂಟೆಗೆ ಕಾಫಿ. ಆಮೇಲೆ ಹಾಲು ಡೇರಿಗೆ, ಗದ್ದೆಗೆ ಒಂದು ಸುತ್ತು. ತಿಂಡಿ ಒಂಬತ್ತೂವರೆಗೋ ಹತ್ತಕ್ಕೋ. ಕಾಫಿ ಜೊತೆ ಗ್ಲಿಮಿಪಿರೈಡ್ ನುಂಗಿ ಗದ್ದೆಗೆ ಹೋದರೆ, ಮಾತ್ರೆಯೂ ಮೈಮುರಿಯುವ ಕೆಲಸವೂ ಸೇರಿ ಶುಗರ್ ಇಳಿಸುತ್ತವೆ. ಹೊಟ್ಟೆಯಲ್ಲಿ ಏನೂ ಇಲ್ಲ. ಕಾಫಿ, ಎರಡು ಬಿಸ್ಕತ್ತು ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಗ್ಲಿಮಿಪಿರೈಡ್ ಇರುವ ಮಾತ್ರೆಯನ್ನು ತಿಂಡಿ ತಟ್ಟೆಗೆ ಬಡಿಸಿದ ಮೇಲೆ, ಕೂತ ಜಾಗದಲ್ಲೇ ನುಂಗಿ, ಕೂಡಲೇ ತಿನ್ನಿ. ‘ಇಡ್ಲಿ ಬೇಯ್ತಾ ಇದೆ, ಇನ್ನೇನು ಆಯ್ತು’ ಅನ್ನುವಾಗ ಬೇಡ. ಗ್ಲಿಪಿಜೈಡ್‌ನಂಥ ಕೆಲವನ್ನು ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಲು ಹೇಳುತ್ತಾರೆ. ಹಾಗಿದ್ದರೆ ಆ ಅರ್ಧ ಗಂಟೆಯಲ್ಲಿ ಮನೆ ಬಿಟ್ಟು ಹೊರಡಬೇಡಿ.

ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ಊಟವಾದ ಕೂಡಲೇ. ಬರಿ ಹೊಟ್ಟೆಗೆ ಹಾಕಿದರೆ ವಾಕರಿಕೆ, ಹೊಟ್ಟೆ ಉಬ್ಬರ, ಭೇದಿ. ಎಷ್ಟೋ ಜನ ಇಷ್ಟಕ್ಕೇ ‘ಈ ಮಾತ್ರೆ ನನಗಾಗಲ್ಲ’ ಅಂತ ಬಿಟ್ಟುಬಿಡುತ್ತಾರೆ. ಹೆಸರಿನ ಮುಂದೆ ಎಸ್ಆರ್, ಎಕ್ಸ್ಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ರಾಗಿ ಮುದ್ದೆಯ ಹಾಗೆ ಇಡಿಯಾಗಿ ನುಂಗಬೇಕು, ಅಗಿಯಬಾರದು, ಪುಡಿ ಮಾಡಬಾರದು. ಅದರ ಸಿಪ್ಪೆ ಕೆಲವೊಮ್ಮೆ ಮಲದಲ್ಲಿ ಕಾಣಿಸುತ್ತದೆ. ಗಾಬರಿ ಬೇಡ, ಔಷಧಿ ಆಗಲೇ ಮೈಗೆ ಸೇರಿರುತ್ತದೆ.

ವೋಗ್ಲಿಬೋಸ್, ಅಕಾರ್ಬೋಸ್ ಮೊದಲ ತುತ್ತಿನ ಜೊತೆ. ಗ್ಲಿಪ್ಟಿನ್ ಅಂತ ಕೊನೆಯಾಗುವ ಹೆಸರಿನವಕ್ಕೆ ಸಾಮಾನ್ಯವಾಗಿ ಊಟದ ಹಂಗಿಲ್ಲ. ಗ್ಲಿಫ್ಲೋಜಿನ್ ಅಂತ ಕೊನೆಯಾಗುವವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಬೆಳಗ್ಗೆಯೇ ತೆಗೆದುಕೊಂಡರೆ ರಾತ್ರಿ ಎದ್ದು ಓಡಾಡುವುದು ತಪ್ಪುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಜನನಾಂಗದ ಸುತ್ತ ತುರಿಕೆ, ಬಿಳುಪು ಬಂದರೆ ಸಂಕೋಚ ಪಡದೆ ಡಾಕ್ಟರಿಗೆ ಹೇಳಿ.

ಹೆಜ್ಜೆ 3: ವ್ರತ, ಹರಕೆ ಇದ್ದರೆ ವಾರದ ಮುಂಚೆಯೇ ಕೇಳಿ

ಶನಿವಾರ ಒಪ್ಪೊತ್ತು, ಶಿವರಾತ್ರಿ ಉಪವಾಸ, ಆಷಾಢ ಶುಕ್ರವಾರ ಬರಿ ಹೊಟ್ಟೆಯಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು. ಬಿಡಿ ಅಂತ ನಾನು ಹೇಳುವುದಿಲ್ಲ. ಎಂದಿನ ಮಾತ್ರೆ ಎಂದಿನ ಹಾಗೇ ನುಂಗಿ ಉಪವಾಸ ಮಾಡಬೇಡಿ. ಆ ದಿನಕ್ಕೆ ಯಾವ ಮಾತ್ರೆ ಬಿಡಬೇಕು, ಯಾವುದು ಇರಲಿ ಅಂತ ಡಾಕ್ಟರ್ ಬರೆದುಕೊಡುತ್ತಾರೆ. ಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಕಡ್ಡಾಯವಾಗಿ ಕೇಳಿ. ಬಹಳ ಹೊತ್ತು ಊಟ, ನೀರು ಬಿಟ್ಟರೆ ರಕ್ತದಲ್ಲಿ ಕೀಟೋನ್ ಆಮ್ಲ ಹೆಚ್ಚುವ ಅಪಾಯ ಅವರಿಗಿದೆ. ಆಪರೇಷನ್ ಇದ್ದರೆ ಆ ಮಾತ್ರೆಯನ್ನು ಸಾಮಾನ್ಯವಾಗಿ ಕೆಲವು ದಿನ ಮುಂಚೆಯೇ ನಿಲ್ಲಿಸುತ್ತಾರೆ.

ವಾಂತಿ ಭೇದಿ ಹತ್ತಿಕೊಂಡು ನೀರೂ ನಿಲ್ಲದಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅಂಥ ಹೊತ್ತಲ್ಲಿ ಮೆಟ್‌ಫಾರ್ಮಿನ್, ಗ್ಲಿಫ್ಲೋಜಿನ್ ಎರಡನ್ನೂ ಸಾಮಾನ್ಯವಾಗಿ ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ.

ಹೆಜ್ಜೆ 4: ಮರೆತರೆ ಮರೆತದ್ದೇ

ಒಂದು ಹೊತ್ತಿನದು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

ಹೆಜ್ಜೆ 5: ಲೋ ಶುಗರ್ ಆದರೆ

ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾಗದ ಹಸಿವು, ಸುಮ್ಸುಮ್ನೆ ಸಿಡುಕು, ಮಾತು ತೊದಲುವುದು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಕಾಣದೇ ಇರಬಹುದು. ಬೆವರು ಮಾತ್ರ ಕಾಣುತ್ತದೆ. ಮೀಟರ್ ಇದ್ದರೆ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಲೋ ಶುಗರ್. ಮೀಟರ್ ಇಲ್ಲದಿದ್ದರೆ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಮೂರು ಟೀ ಚಮಚ ಗ್ಲೂಕೋಸ್ ಪುಡಿ, ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. 15 ನಿಮಿಷ ಕೂರಿಸಿ. ಸುಧಾರಿಸದಿದ್ದರೆ ಇನ್ನೊಮ್ಮೆ. ಸುಧಾರಿಸಿದರೆ ಇಡ್ಲಿಯೋ ಅನ್ನವೋ ಹೊಟ್ಟೆಗೆ ಬೀಳಲಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಗ್ಲೂಕೋಸ್ ಸಿಗದಿದ್ದರೆ ಸಕ್ಕರೆ ನೀರು ಆದೀತು, ಕಬ್ಬಿನ ಹಾಲೂ ಆದೀತು. ವೋಗ್ಲಿಬೋಸ್, ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಮಾತ್ರ ಗ್ಲೂಕೋಸ್ಸೇ ಬೇಕು. ಸಕ್ಕರೆ ಒಡೆದು ರಕ್ತಕ್ಕೆ ಸೇರುವುದನ್ನೇ ಆ ಮಾತ್ರೆ ತಡೆಹಿಡಿದಿರುತ್ತದೆ. ಎಲ್ಲರ ಜೇಬಿನಲ್ಲೂ ಒಂದು ಪೊಟ್ಟಣ ಗ್ಲೂಕೋಸ್ ಪುಡಿ ಇರಬೇಕು ಅನ್ನುವುದು ನನ್ನ ಹಟ. ಮೈಸೂರು ಪಾಕು, ಚಾಕೊಲೇಟು ಕೊಡಬೇಡಿ. ಅದರ ಜಿಡ್ಡು ಸಕ್ಕರೆ ಬೇಗ ರಕ್ತ ಸೇರಲು ಬಿಡುವುದಿಲ್ಲ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಗ್ಲಿಮಿಪಿರೈಡ್ ಕೆಲಸ ದಿನವಿಡೀ ನಡೆಯುತ್ತದೆ. ಒಮ್ಮೆ ಸರಿಹೋದವರಿಗೂ ಸಂಜೆ ಮತ್ತೆ ಇಳಿಯಬಹುದು, ಅವತ್ತೇ ಡಾಕ್ಟರಿಗೆ ತಿಳಿಸಿ.

ಇಲ್ಲಿ ಶುಗರ್ ಇಳಿಸುತ್ತೆ ಅಂತ ಮಾರುವ ಪುಡಿಗಳ ಬಗ್ಗೆ ಒಂದು ಮಾತು. ‘ಶುಗರ್ ಬುಡಸಮೇತ ಹೋಗುತ್ತೆ’ ಅಂತ ಮಾರುವ ಲೇಬಲ್ ಇಲ್ಲದ ಡಬ್ಬಿಗಳನ್ನು ಮುಟ್ಟಬೇಡಿ. ಅಂಥ ಕೆಲವು ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ನಿಮ್ಮ ಮಾತ್ರೆಯ ಜೊತೆ ಅದೂ ಸೇರಿದರೆ ಏನಾಗುತ್ತದೆ ಯೋಚಿಸಿ.  

ಹೆಜ್ಜೆ 6: ಲ್ಯಾಬಿಗೆ ಹೋಗುವ ದಿನ

ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಮೂರು ತಿಂಗಳಿಗೊಮ್ಮೆ, ಹಿಡಿತಕ್ಕೆ ಬಂದ ಮೇಲೆ ಆರು ತಿಂಗಳಿಗೊಮ್ಮೆ. ಕಿಡ್ನಿಯ ಕ್ರಿಯಾಟಿನಿನ್ ವರ್ಷಕ್ಕೊಮ್ಮೆಯಾದರೂ ಆಗಲಿ, ಮೆಟ್‌ಫಾರ್ಮಿನ್ ಎಷ್ಟು ಕೊಡಬಹುದು ಅನ್ನುವುದು ಅದರ ಮೇಲೆ ನಿಂತಿದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಿಗೆ ಅಂಗಾಲು ಜುಮ್ಮೆನ್ನುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಕೇಳಿ.

ಬರಿ ಹೊಟ್ಟೆಯ ರಕ್ತ ಕೊಡುವ ಮುಂಚೆ ಶುಗರ್ ಮಾತ್ರೆ ನುಂಗಬೇಡಿ, ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ. ರಕ್ತ ಕೊಟ್ಟ ಕೂಡಲೇ ಹತ್ತಿರದ ಹೋಟೆಲಿನಲ್ಲಿ ಕೂತು, ತಿಂಡಿ ಬಂದ ಮೇಲೆ ಎಂದಿನ ಮಾತ್ರೆ ನುಂಗಿ, ಎಂದಿನಷ್ಟೇ ತಿನ್ನಿ. ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಅವತ್ತು ಒಂದೇ ಇಡ್ಲಿ ತಿಂದರೆ ಡಾಕ್ಟರಿಗೆ ನಿಮ್ಮ ನಿಜವಾದ ಶುಗರ್ ಕಾಣುವುದಿಲ್ಲ. ತಿನ್ನಲು ಶುರು ಮಾಡಿದ ಹೊತ್ತಿನಿಂದ 2 ಗಂಟೆ ಲೆಕ್ಕ ಹಾಕಿ ಎರಡನೇ ರಕ್ತ ಕೊಡಿ. ಆ ಹೊತ್ತನ್ನು ಬಿಲ್ಲಿನ ಹಿಂದೆ ಬರೆದಿಟ್ಟುಕೊಳ್ಳಿ, ಲ್ಯಾಬಿನವರು ಕೇಳುತ್ತಾರೆ.