ನೆಕ್ಸ್ಟ್‌ಕ್ಲೌಡ್ ಅಪ್‌ಗ್ರೇಡ್: ಮೆಟ್ಟಿಲು ಹಾರಬೇಡಿ

ನೆಕ್ಸ್ಟ್‌ಕ್ಲೌಡ್ ಅಂದರೆ ಫೈಲ್, ಫೋಟೊ, ಕ್ಯಾಲೆಂಡರ್‌ಗಳನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ತಂತ್ರಾಂಶ. ಅದನ್ನು ಹಾಕಿಕೊಂಡವರಿಗೆ ಆಗಾಗ ಒಂದು ಸಂದೇಶ ಬರುತ್ತದೆ: ಹೊಸ ಆವೃತ್ತಿ ಸಿದ್ಧ. ಪಕ್ಕದಲ್ಲೇ ಒಂದು ಬಟನ್. ಒಂದು ಭಾನುವಾರ ಕಾಫಿ ಕುಡಿಯುತ್ತಾ ನಾನೂ ಸುಮ್ನೆ ಅದನ್ನು ಒತ್ತಿದ್ದೆ. ಅರ್ಧಕ್ಕೆ ಬ್ರೌಸರ್ ಕೈಕೊಟ್ಟಿತು. ಮನೆಮಂದಿಯ ಫೋಟೊ, ಅಪ್ಪನ ಪಹಣಿಯ ಸ್ಕ್ಯಾನ್ ಎಲ್ಲ ಒಳಗೇ ಉಳಿದವು. ಫೈಲ್‌ಗಳ ಬ್ಯಾಕಪ್ ಇತ್ತು. ಡೇಟಾಬೇಸಿನದ್ದು ಇರಲಿಲ್ಲ!

ಹಾಗಾಗಿ ಮೊದಲ ಕೆಲಸ ಬ್ಯಾಕಪ್. ಫೈಲ್‌ಗಳು ಬೀರುವಿನಲ್ಲಿಟ್ಟ ಸಾಮಾನಾದರೆ ಡೇಟಾಬೇಸ್ ಅದರ ಲೆಕ್ಕದ ಪುಸ್ತಕ. ಯಾರ ಜೊತೆ ಏನು ಹಂಚಿಕೊಂಡಿದ್ದೀರಿ, ಕ್ಯಾಲೆಂಡರ್, ಸಂಪರ್ಕಗಳು, ಎಲ್ಲ ಇರುವುದು ಅಲ್ಲೇ. ಬಟನ್ ಒತ್ತಿದಾಗ ಅಪ್‌ಡೇಟರ್ ‘ಬ್ಯಾಕಪ್ ಮಾಡುತ್ತಿದ್ದೇನೆ’ ಅನ್ನುತ್ತದೆ ನಿಜ. ಆದರೆ ಅದು ಎತ್ತಿಡುವುದು ತಂತ್ರಾಂಶದ ಕೋಡನ್ನು ಮಾತ್ರ. ನಿಮ್ಮ ಫೈಲ್‌ಗಳನ್ನಾಗಲಿ ಡೇಟಾಬೇಸನ್ನಾಗಲಿ ಮುಟ್ಟುವುದಿಲ್ಲ. ಬಹಳಷ್ಟು ಜನ ಮೋಸಹೋಗುವುದು ಇಲ್ಲೇ.

ಮೇಂಟೆನೆನ್ಸ್ ಮೋಡ್ ಹಾಕಿ (ಆಗ ಯಾರೂ ಒಳಬಂದು ಏನನ್ನೂ ಬದಲಿಸಲಾಗದು), ಆಮೇಲೆ ಮೂರನ್ನೂ ಒಟ್ಟಿಗೆ ತೆಗೆಯಿರಿ: ಡೇಟಾ ಫೋಲ್ಡರ್, ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೋಲ್ಡರ್, ಡೇಟಾಬೇಸ್. ಥೀಮ್ ಬದಲಿಸಿದ್ದರೆ ಅದನ್ನೂ. ನಿಮ್ಮ ಡೇಟಾಬೇಸ್ ಮರಿಯಾಡಿಬಿ ಆಗಿದ್ದರೆ ಮೈಎಸ್‌ಕ್ಯೂಎಲ್‌ಡಂಪ್, ಪೋಸ್ಟ್‌ಗ್ರೆಸ್ ಆಗಿದ್ದರೆ ಪಿಜಿಡಂಪ್ ಎಂಬ ಆಜ್ಞೆ ಸಾಕು. ಫೈಲ್‌ಗಳು ನಿನ್ನೆಯವು, ಡೇಟಾಬೇಸ್ ಹೋದ ವಾರದ್ದು ಅಂತಾದರೆ ಲೆಕ್ಕ ತಾಳೆಯಾಗುವುದಿಲ್ಲ. ಕಾನ್ಫಿಗ್ ಫೈಲ್ ಚಿಕ್ಕದು ಅಂತ ಬಿಡಬೇಡಿ. ಪಾಸ್‌ವರ್ಡ್ ಸಾಲ್ಟ್, ಸೀಕ್ರೆಟ್ ಎಂಬ ಎರಡು ಗುಪ್ತ ಕೀಲಿಗಳ ಸಾಲು ಇರುವುದು ಅದರಲ್ಲೇ. ಬ್ಯಾಕಪ್ಪನ್ನು ಅದೇ ಡಿಸ್ಕ್‌ನಲ್ಲಿ ಇಡಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಇನ್ನು ಆವೃತ್ತಿ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಮೆಟ್ಟಿಲು ಹಾರುವಂತಿಲ್ಲ. 27ರಲ್ಲಿರುವವರು 30ಕ್ಕೆ ಬರಬೇಕೆಂದರೆ 28, 29 ಹತ್ತಿಯೇ ಬರಬೇಕು. ಅದಕ್ಕೂ ಮೊದಲು 27ರ ಸಾಲಿನ ಕೊನೆಯ ಅಪ್‌ಡೇಟ್ ಹಾಕಿಕೊಳ್ಳಬೇಕು. ಒಳಗಿರುವ ಅಪ್‌ಡೇಟರ್ ತಾನಾಗಿಯೇ ಮುಂದಿನ ಮೆಟ್ಟಿಲನ್ನಷ್ಟೇ ತೋರಿಸುತ್ತದೆ. ಎಡವುವವರು ಡಾಕರ್ ಬಳಸುವವರು, ಅಂದರೆ ತಂತ್ರಾಂಶವನ್ನು ‘ಇಮೇಜ್’ ಎಂಬ ಸಿದ್ಧ ಪೊಟ್ಟಣವಾಗಿ ಇಳಿಸಿಕೊಂಡು ಓಡಿಸುವವರು. ‘ಲೇಟೆಸ್ಟ್’ ಎಂಬ ಟ್ಯಾಗ್ ಹಾಕಿಟ್ಟು ವರ್ಷ ಬಿಟ್ಟು ಇಮೇಜ್ ಎಳೆದರೆ ಎರಡು ಮೂರು ಮೆಟ್ಟಿಲು ಮೇಲಿನದ್ದು ಬಂದು ಕೂರುತ್ತದೆ. ಹಾಗೆ ಹಾರಲು ಬಿಡುವುದಿಲ್ಲ ಅಂತ ತಂತ್ರಾಂಶ ಅಲ್ಲೇ ನಿಲ್ಲುತ್ತದೆ. ಟ್ಯಾಗ್‌ನಲ್ಲಿ ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ಹತ್ತಿದ ಮೇಲೆ ಇಳಿಯಲು ದಾರಿ ಇಲ್ಲ ಅನ್ನುವುದೂ ನೆನಪಿರಲಿ. ಬ್ಯಾಕಪ್ ಒಂದೇ ಗತಿ.

ನೆಕ್ಸ್ಟ್‌ಕ್ಲೌಡ್ ಓಡುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ. ಅದರ ಕಥೆ ಸ್ವಲ್ಪ ಜಾಸ್ತಿ ತಲೆನೋವಿನದು. ಸರ್ವರ್‌ನ ಕಾರ್ಯಾಚರಣಾ ವ್ಯವಸ್ಥೆ ಉಬುಂಟು ಅಂದುಕೊಳ್ಳಿ. ಅದರ 20.04 ಆವೃತ್ತಿಯ ಜೊತೆ ಬರುವುದು ಪಿಎಚ್‌ಪಿ 7.4. ನೆಕ್ಸ್ಟ್‌ಕ್ಲೌಡ್ 25ಕ್ಕೆ ಅದು ನಡೆಯುತ್ತದೆ, 26ಕ್ಕೆ ಕನಿಷ್ಠ 8.0 ಬೇಕು. ‘ಸರಿ, ಮೊದಲು ಉಬುಂಟುವನ್ನೇ 24.04ಕ್ಕೆ ಏರಿಸಿಬಿಡೋಣ’ ಅಂದುಕೊಂಡರೆ ಇನ್ನೊಂದು ಗುಂಡಿ ಕಾದಿರುತ್ತದೆ. ಅದರಲ್ಲಿರುವುದು 8.3. ನೆಕ್ಸ್ಟ್‌ಕ್ಲೌಡ್ 25ಕ್ಕೆ ಪಿಎಚ್‌ಪಿ 8.1 ದಾಟಿದರೆ ಆಗುವುದಿಲ್ಲ, ಪುಟವೇ ತೆರೆಯುವುದಿಲ್ಲ. ನಡುವಿನ ದಾರಿ ಉಬುಂಟು 22.04, ಅದರ ಪಿಎಚ್‌ಪಿ 8.1. ಅಲ್ಲಿ ನಿಂತು ನೆಕ್ಸ್ಟ್‌ಕ್ಲೌಡನ್ನು 28ರವರೆಗೆ ಹತ್ತಿಸಿ. 28ಕ್ಕೆ 8.3 ಒಗ್ಗುತ್ತದೆ. ಆಮೇಲೆ ಬೇಕಿದ್ದರೆ 24.04ಕ್ಕೆ ಹೋಗಿ.

ಅಪ್‌ಗ್ರೇಡ್ ಮಾಡುವಾಗ ಬ್ರೌಸರ್ ಬಿಟ್ಟು ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಬಳಸಿ. ಬ್ರೌಸರ್‌ಗೆ ಸಮಯದ ಮಿತಿ ಇರುತ್ತದೆ, ಟರ್ಮಿನಲ್‌ಗೆ ಆ ಗೊಡವೆ ಇಲ್ಲ. ಅಪ್‌ಡೇಟರನ್ನು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸದೆ ವೆಬ್ ಸರ್ವರ್‌ನ ಬಳಕೆದಾರನ ಹೆಸರಲ್ಲೇ ಓಡಿಸಿ. ಉಬುಂಟುವಿನಲ್ಲಿ ಅದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ನೆಕ್ಸ್ಟ್‌ಕ್ಲೌಡ್ ಫೋಲ್ಡರ್‌ನಲ್ಲಿ ನೀವೇ ಎಂದೋ ಹಾಕಿ ಮರೆತ ಜಿಪ್ ಫೈಲ್ ಇದ್ದರೂ ‘ಹೆಚ್ಚುವರಿ ಫೈಲ್ ಸಿಕ್ಕಿದೆ’ ಅಂತ ನಿಲ್ಲುತ್ತದೆ. ಅದನ್ನು ಬೇರೆಡೆಗೆ ಸರಿಸಿ ಮತ್ತೆ ಶುರುಮಾಡಿ.

ಆ ಭಾನುವಾರ ನನಗೆ ಕಂಡದ್ದು ಬೇರೆ ಸಂದೇಶ: ಇಂಥ ಹಂತ ನಡೆಯುತ್ತಿದೆ, ಆಮೇಲೆ ಬನ್ನಿ. ಸಂಜೆಯವರೆಗೂ ಅದೇ ಮಾತು. ನಡೆಯುತ್ತಿದ್ದದ್ದು ಏನೂ ಇರಲಿಲ್ಲ. ಡೇಟಾ ಫೋಲ್ಡರ್ ಒಳಗೆ ‘ಅಪ್‌ಡೇಟರ್’ ಅಂತ ಶುರುವಾಗುವ ಫೋಲ್ಡರ್ ಒಂದಿದೆ. ಅದರಲ್ಲಿ ಚುಕ್ಕೆಯಿಂದ ಶುರುವಾಗುವ ‘ಸ್ಟೆಪ್’ ಎಂಬ ಅಡಗಿದ ಫೈಲ್. ಸತ್ತುಹೋದ ಕೆಲಸದ ಗುರುತು ಅದರಲ್ಲಿ ಉಳಿದಿತ್ತು, ಅಷ್ಟೇ. ಕೆಲಸ ನಿಜವಾಗಿಯೂ ನಿಂತಿದೆ ಅಂತ ಖಾತ್ರಿ ಮಾಡಿಕೊಂಡು ಅದನ್ನು ಅಳಿಸಿ, ಟರ್ಮಿನಲ್‌ನಿಂದ ಮತ್ತೆ ಓಡಿಸಿದೆ. ಹತ್ತೇ ನಿಮಿಷ.

ಮುಗಿದ ಮೇಲೆ ಅಡ್ಮಿನ್ ಪುಟದ ಎಚ್ಚರಿಕೆಗಳನ್ನು ಓದಿ. ಡೇಟಾಬೇಸ್‌ನಲ್ಲಿ ‘ಇಂಡೆಕ್ಸ್ ಇಲ್ಲ’ ಅಂದರೆ ಓಸಿಸಿಯಲ್ಲಿ (ಟರ್ಮಿನಲ್‌ನಿಂದ ಬಳಸುವ ನೆಕ್ಸ್ಟ್‌ಕ್ಲೌಡ್‌ನದೇ ಸಾಧನ) ಅದಕ್ಕೆಂದೇ ಆಜ್ಞೆ ಇದೆ. ಹೊಂದಾಣಿಕೆಯಾಗದ ಆ್ಯಪ್‌ಗಳು ಆಫ್ ಆಗಿರುತ್ತವೆ, ಒಂದೊಂದಾಗಿ ನೋಡಿ ಆನ್ ಮಾಡಿ. ಎಲ್ಲ ಸರಿ ಕಂಡ ಮೇಲೆಯೇ ಮುಂದಿನ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಹೊಸ ಬ್ಯಾಕಪ್.

ಕೆಟ್ಟೇ ಹೋಗಿ ಹಳೇ ಬ್ಯಾಕಪ್ ಹಾಕಬೇಕಾಗಿ ಬಂದರೆ ಒಂದು ಅಪಾಯವಿದೆ. ಸರ್ವರ್ ಮೂರು ದಿನ ಹಿಂದಕ್ಕೆ ಹೋಗಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಇವತ್ತಿನ ಫೈಲ್ ಇರುತ್ತದೆ. ಸಿಂಕ್ ಶುರುವಾದರೆ ಇವತ್ತಿನದೇ ಅಳಿಸಿಹೋಗಬಹುದು. ಇದಕ್ಕೆಂದೇ ಓಸಿಸಿಯಲ್ಲಿ ಡೇಟಾ-ಫಿಂಗರ್‌ಪ್ರಿಂಟ್ ಎಂಬ ಆಜ್ಞೆ ಇದೆ. ಅದನ್ನು ಕೊಟ್ಟರೆ ಸರ್ವರ್ ಹಳೆಯದಕ್ಕೆ ಮರಳಿದೆ ಅಂತ ಸಿಂಕ್ ಆ್ಯಪ್‌ಗಳಿಗೆ ತಿಳಿಯುತ್ತದೆ. ಆಗ ಅವು ಹೊಸ ಫೈಲನ್ನು ಅಳಿಸದೆ ಎರಡನ್ನೂ ಉಳಿಸಿಕೊಳ್ಳುತ್ತವೆ. ಆ ಆಜ್ಞೆ ಕೊಟ್ಟ ಮೇಲೆಯೇ ಮೇಂಟೆನೆನ್ಸ್ ಮೋಡ್ ತೆಗೆಯಿರಿ.