ಬೀರುವಿನಿಂದ ಡೆಸ್ಕಿಗೆ: ಶಾಲೆಯ ಲ್ಯಾಪ್‌ಟಾಪ್‌ಗಳಿಗೆ ಬಳಕೆ ನಿಯಮ ಬರೆಯುವ ಬಗೆ

ಶಾಲೆಗೆ ಲ್ಯಾಪ್‌ಟಾಪ್ ಬಂದ ವಾರ ಎಲ್ಲರಿಗೂ ಹುರುಪು. ಆಮೇಲೆ ಯಾರೋ ಒಬ್ಬರು ಕೇಳುತ್ತಾರೆ: "ಒಡೆದರೆ ಯಾರು ಕೊಡಬೇಕು?" ಇದಕ್ಕೆ ಉತ್ತರ ಬರೆದಿಟ್ಟಿಲ್ಲದ ಕಡೆ ಬೀರುವಿಗೆ ಬೀಗ ಬೀಳುತ್ತದೆ. ಬೀರುವಿನಲ್ಲಿ ಯಂತ್ರ ಭದ್ರವಾಗಿರುತ್ತದೆ ಎನ್ನುವುದು ತಪ್ಪು ನಂಬಿಕೆ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ದಿನದಿನಕ್ಕೆ ಇಳಿಯುತ್ತದೆ. ಸೊನ್ನೆಗೆ ಬಂದು ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಮತ್ತೆ ಚಾರ್ಜ್ ಏರಲು ಬಿಡದೇ ಹೋಗಬಹುದು. ಮಕ್ಕಳ ಕೈಯಿಂದ ಕಾಪಾಡಲೆಂದು ಒಳಗಿಟ್ಟದ್ದು ಒಳಗೇ ಕೆಡುತ್ತದೆ. ಹಾಗಾಗಿ ನಿಯಮಾವಳಿಯ ಮೊದಲ ಕೆಲಸ ಯಂತ್ರ ಹೊರಬರುವಂತೆ ಮಾಡುವುದು. ಕಾಯುವುದು ಆಮೇಲಿನ ಮಾತು.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯಂಥ ಮಾದರಿ: 8ರಿಂದ 10ನೇ ತರಗತಿ, ಒಂದು ವಿಭಾಗದಲ್ಲಿ 40 ಮಕ್ಕಳು, 20 ಲ್ಯಾಪ್‌ಟಾಪ್, 40 ನಿಮಿಷದ ಪೀರಿಯಡ್. ನಿಮ್ಮಲ್ಲಿ ಸಂಖ್ಯೆ ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಒಡೆದರೆ ಏನು ಎಂಬುದನ್ನೇ ಮೊದಲು ಬರೆಯಿರಿ

ಹಾನಿಯನ್ನು ಮೂರು ಬಗೆಯಾಗಿ ಬಿಡಿಸಿ. ಬಳಸಿ ಬಳಸಿ ಸವೆದದ್ದು: ಕೀಲಿಯ ಅಕ್ಷರ ಅಳಿದದ್ದು, ಬ್ಯಾಟರಿ ಸೋತದ್ದು. ಇದು ಯಾರ ತಪ್ಪೂ ಅಲ್ಲ. ಎರಡನೆಯದು ಕೈತಪ್ಪಿ ಆದದ್ದು. ಮಗು ಅದೇ ದಿನ ತಾನಾಗಿ ಬಂದು ಹೇಳಿದರೆ ಖರ್ಚು ಶಾಲೆಯದು. ಮೂರನೆಯದು ಬೇಕೆಂದೇ ಮಾಡಿದ್ದು, ಉದಾಹರಣೆಗೆ ಕೀಲಿ ಕಿತ್ತದ್ದು. ಇದಕ್ಕೂ ಹಣ ವಸೂಲಿ ಬೇಡ. ಪೋಷಕರನ್ನು ಕರೆಸಿ ಮಾತನಾಡಿ, ಎರಡು ವಾರ ಆ ವಿದ್ಯಾರ್ಥಿ ಶಿಕ್ಷಕರ ಮೇಜಿನ ಪಕ್ಕ ಕುಳಿತೇ ಕೆಲಸ ಮಾಡಲಿ. ಲ್ಯಾಬಿನಿಂದ ಪೂರ್ತಿ ಹೊರಗಿಟ್ಟರೆ ಕಲಿಕೆಯೇ ಶಿಕ್ಷೆಯಾಗುತ್ತದೆ.

ದಂಡದ ಬಗ್ಗೆ ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 8ನೇ ತರಗತಿವರೆಗಿನ ಕಲಿಕೆಗೆ ಅಡ್ಡಿಯಾಗುವ ಯಾವ ಶುಲ್ಕ, ಖರ್ಚನ್ನೂ ಮಗುವಿನ ಮೇಲೆ ಹೇರುವಂತಿಲ್ಲ ಎನ್ನುತ್ತದೆ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಕಾಯ್ದೆ ಬದಿಗಿಟ್ಟು ನೋಡಿದರೂ, ದಂಡದ ಭಯವಿರುವ ಕಡೆ ಮಗು ಒಡೆದ ಯಂತ್ರವನ್ನು ಮುಚ್ಚಿ ರಾಶಿಯ ಅಡಿಗೆ ಸೇರಿಸುತ್ತದೆ. ಒಂದು ವಾರ ಕಳೆದ ಮೇಲೆ ಅದು ಯಾವಾಗ, ಹೇಗೆ ಆಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಶಿಕ್ಷಕರ ಭಯಕ್ಕೂ ಇದೇ ಪುಟದಲ್ಲಿ ಉತ್ತರ ಸಿಗಬೇಕು. ನಿಯಮಾವಳಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. "ತರಗತಿಯ ಬಳಕೆಯಲ್ಲಿ ಆಕಸ್ಮಿಕವಾಗಿ ಆದ ಹಾನಿಗೆ ಉಸ್ತುವಾರಿ ಶಿಕ್ಷಕರು ವೈಯಕ್ತಿಕವಾಗಿ ಹೊಣೆಗಾರರಲ್ಲ, ದುರಸ್ತಿ ವೆಚ್ಚವನ್ನು ಸಮಿತಿ ಪರಿಶೀಲಿಸಿ ಭರಿಸುತ್ತದೆ" ಎಂಬ ಒಂದು ವಾಕ್ಯ ಅದರಲ್ಲಿರಲಿ. ಬೀರುವಿನ ಬೀಗ ತೆರೆಯುವುದು ಈ ವಾಕ್ಯವೇ. ಇದಿಲ್ಲದ ನಿಯಮಾವಳಿ ಎಷ್ಟು ಚೆಂದವಾಗಿದ್ದರೂ ಗೋಡೆಯ ಮೇಲಿನ ಕಾಗದ.

ಸಂಖ್ಯೆ, ವಹಿ, ಪೀರಿಯಡ್

ಪ್ರತಿ ಲ್ಯಾಪ್‌ಟಾಪ್‌ಗೂ ಅದರ ಚಾರ್ಜರ್‌ಗೂ ಒಂದೇ ಸಂಖ್ಯೆ ಕೊಡಿ, 1ರಿಂದ 20. ಮುಚ್ಚಳದ ಮೇಲೆ ದೊಡ್ಡದಾಗಿ, ಚಾರ್ಜರಿನ ಇಟ್ಟಿಗೆಯಂಥ ಭಾಗದ ಮೇಲೆ ಚಿಕ್ಕದಾಗಿ. ಬರೀ ಸ್ಟಿಕ್ಕರ್ ಹಚ್ಚಿದರೆ ಮಕ್ಕಳ ಉಗುರಿಗೆ ತಿಂಗಳು ತಾಳುವುದಿಲ್ಲ; ಮೇಲೆ ಪಾರದರ್ಶಕ ಟೇಪ್ ಸುತ್ತಿ. ತಯಾರಕರ ಸೀರಿಯಲ್ ಸಂಖ್ಯೆ ದಾಸ್ತಾನು ವಹಿಯಲ್ಲಿರಲಿ, ದಿನದ ಬಳಕೆಗೆ ಬೇರೆ ವಿತರಣಾ ವಹಿ ಇಡಿ. ಎರಡನ್ನೂ ಒಂದೇ ಪುಸ್ತಕದಲ್ಲಿ ತುರುಕಿದರೆ ಲೆಕ್ಕ ತಪಾಸಣೆಯ ದಿನ ಪರದಾಟ.

ರೋಲ್ ನಂಬರ್ 1 ಮತ್ತು 2ಕ್ಕೆ ಮೊದಲ ಯಂತ್ರ, 3 ಮತ್ತು 4ಕ್ಕೆ ಎರಡನೆಯದು, ಹೀಗೆ ವರ್ಷಪೂರ್ತಿ ಅದೇ ಯಂತ್ರ ಅದೇ ಜೋಡಿಗೆ. ಸಿಕ್ಕಿದ್ದನ್ನು ಎತ್ತಿಕೊಳ್ಳುವ ಪದ್ಧತಿಯಲ್ಲಿ ಯಾರಿಗೂ ಯಾವುದೂ ತನ್ನದಲ್ಲ. ಜೋಡಿಯಲ್ಲಿ ಕೀಲಿಮಣೆ 15 ನಿಮಿಷಕ್ಕೊಮ್ಮೆ ಕೈ ಬದಲಾಗಬೇಕೆಂದು ನಿಯಮದಲ್ಲೇ ಬರೆಯಿರಿ. ಬರೆಯದಿದ್ದರೆ ಚುರುಕಾದವರೇ ಕೊನೆತನಕ ಒತ್ತುತ್ತಾರೆ, ಪಕ್ಕದವರು ನೋಡುತ್ತಾರೆ. ಹುಡುಗ ಹುಡುಗಿ ಒಟ್ಟಿಗಿರುವ ಜೋಡಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ.

40 ನಿಮಿಷದಲ್ಲಿ ಕೊಡಲು 5, ಹಿಂದಿರುಗಿಸಲು 5 ಹೋದರೆ ಉಳಿಯುವುದು 30. ಸಾಧ್ಯವಾದರೆ ವಾರಕ್ಕೆರಡು ಬಿಡಿ ಪೀರಿಯಡ್‌ಗಳ ಬದಲು ಒಟ್ಟಿಗೆ ಎರಡು ಹಾಕಿಸಿ. ಅದೇ ಹೊತ್ತಿನಲ್ಲಿ 10 ನಿಮಿಷ ಹೆಚ್ಚು ಸಿಗುತ್ತದೆ. ಸಾಲಿಗೊಬ್ಬರು ನಾಯಕರು ಯಂತ್ರ ಹಂಚಲಿ, ಒಬ್ಬರು ಒಮ್ಮೆಗೆ ಎರಡಕ್ಕಿಂತ ಹೆಚ್ಚು ಹೊರಬಾರದು. ವಾಪಸ್ ಬರುವಾಗ ಶಿಕ್ಷಕರು ಪ್ರತಿಯೊಂದರ ಮುಚ್ಚಳ ತೆರೆದು ಪರದೆ ನೋಡಿಯೇ ಸಹಿ ಹಾಕಬೇಕು.

ಪರದೆ ಒಡೆಯುವುದು ಕೆಳಗೆ ಬಿದ್ದಾಗ ಮಾತ್ರವಲ್ಲ, ಕೀಲಿಮಣೆಯ ಮೇಲೆ ಪೆನ್ನು ಬಿಟ್ಟು ಮುಚ್ಚಳ ಮುಚ್ಚಿದಾಗಲೂ. ಕ್ಯಾಮೆರಾ ಮುಚ್ಚಲು ಹಚ್ಚುವ ದಪ್ಪ ಪ್ಲಾಸ್ಟಿಕ್ ತುಂಡಿನಿಂದಲೂ ಗಾಜು ಸೀಳಬಹುದು. ತೆಳು ಕಾಗದದ ಟೇಪ್ ಸಾಕು. ಮುಚ್ಚಳವನ್ನು ಮೂಲೆ ಹಿಡಿದು ಎತ್ತಿದರೆ ಕೀಲು ಸಡಿಲವಾಗುತ್ತದೆ, ನಡುವೆ ಹಿಡಿದು ಎತ್ತಬೇಕು. ಇವನ್ನೆಲ್ಲ ಮೊದಲ ಪೀರಿಯಡ್‌ನಲ್ಲಿ ಯಂತ್ರ ಆನ್ ಮಾಡದೆಯೇ ಕೈಯಲ್ಲಿ ಹಿಡಿಸಿ ಕಲಿಸಿ.

ಚಾರ್ಜಿಂಗ್

ಹೆಚ್ಚು ಅಪಾಯ ಇರುವುದು ಇಲ್ಲಿ, ನಿಯಮಾವಳಿಗಳು ಮರೆಯುವುದೂ ಇದನ್ನೇ. 65 ವ್ಯಾಟ್‌ನ 20 ಚಾರ್ಜರ್‌ಗಳೆಂದರೆ 1,300 ವ್ಯಾಟ್. ಸಾಮಾನ್ಯ 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ತಾಳುವುದು 1,380. ಲೆಕ್ಕದಲ್ಲಿ ಹಿಡಿಸಿತು ಎಂದು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಚುಚ್ಚಬೇಡಿ. ಅಗ್ಗದ ಬಾಕ್ಸ್‌ನ ತೆಳು ವೈರು, ಸಡಿಲ ಪಿನ್ನು ಬಿಸಿಯಾಗಿ ಕರಗುವುದು ಇಂಥ ಅಂಚಿನ ಲೋಡಿನಲ್ಲೇ. ಎರಡು ಬೇರೆ ಗೋಡೆ ಸಾಕೆಟ್‌ಗಳಿಂದ ಹತ್ತು ಹತ್ತರ ಎರಡು ಗುಂಪು ಮಾಡಿ, ಒಂದರ ನಂತರ ಒಂದು, ಶಾಲೆಯ ವೇಳೆಯಲ್ಲೇ ಚಾರ್ಜ್ ಮಾಡಿ. ರಾತ್ರಿ ಬೀಗ ಹಾಕಿದ ಕೋಣೆಯಲ್ಲಿ ಬೇಡ. ಮುಚ್ಚಿದ ಕಬ್ಬಿಣದ ಬೀರುವಿನೊಳಗಂತೂ ಬೇಡವೇ ಬೇಡ: ಬಿಸಿ ಹೊರಹೋಗುವುದಿಲ್ಲ, ವೈರು ಸುಲಿದಿದ್ದರೆ ಬೀರುವಿಗೇ ವಿದ್ಯುತ್ ಹರಿಯುತ್ತದೆ.

ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ಮೆಂದರೆ ಮೊದಲು ಅರ್ಥಿಂಗ್ ನೋಡಿಸಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವುದನ್ನು ನಿಷೇಧಿಸಿ. ಎಲೆಕ್ಟ್ರಿಷಿಯನ್ ಬಂದಾಗ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್) ಹಾಕಿಸಿ. ಪ್ರತಿ ತಿಂಗಳು ಅದರ ಟೆಸ್ಟ್ ಗುಂಡಿ ಒತ್ತಿ, ಕರೆಂಟು ಕಡಿದುಕೊಳ್ಳುತ್ತದೆಯೇ ನೋಡಿ. ಸಂಜೆ ಚಾರ್ಜರ್‌ಗಳು ಡಬ್ಬಿಯೊಳಗೆ ಸೇರಲಿ, ಇಲಿಗೆ ಮೊದಲು ಸಿಗುವುದು ನೆಲದ ಮೇಲಿನ ವೈರು.

ಟಚ್‌ಪ್ಯಾಡ್ ಮೇಲೆದ್ದರೆ, ತಳದಲ್ಲಿ ಸಂದು ಬಿಟ್ಟರೆ ಬ್ಯಾಟರಿ ಊದಿದೆ ಎಂದರ್ಥ. ಒತ್ತಬೇಡಿ, ಚಾರ್ಜ್‌ಗೆ ಹಾಕಬೇಡಿ. ಆಫ್ ಮಾಡಿ, ಮಕ್ಕಳ ಕೈಗೆಟುಕದ, ಗಾಳಿಯಾಡುವ, ಸುಡುವ ವಸ್ತುವಿಲ್ಲದ ಜಾಗದಲ್ಲಿ ಟೈಲ್ಸ್ ಮೇಲಿಟ್ಟು ಸರ್ವಿಸ್‌ನವರನ್ನು ಕರೆಯಿರಿ. ಗುಜರಿಗೆ ಹಾಕುವುದು ತಪ್ಪು. 2022ರ ಬ್ಯಾಟರಿ ತ್ಯಾಜ್ಯ ಮತ್ತು ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ಸೇರಬೇಕಾದ್ದು ನೋಂದಾಯಿತ ಮರುಬಳಕೆದಾರರನ್ನು.

ಯಂತ್ರದೊಳಗಿನ ಕಟ್ಟು

ಮಕ್ಕಳಿಗೆ ಸಾಮಾನ್ಯ ಬಳಕೆದಾರ ಖಾತೆ, ತರಗತಿಗೊಂದು. ಅಡ್ಮಿನ್ ಪಾಸ್‌ವರ್ಡ್ ಇಬ್ಬರಿಗೆ ಮಾತ್ರ ಗೊತ್ತಿರಲಿ, ಜೊತೆಗೆ ಮುಖ್ಯಶಿಕ್ಷಕರ ಬಳಿ ಮೊಹರಾದ ಲಕೋಟೆಯಲ್ಲಿ ಒಂದು ಪ್ರತಿ. ಶಿಕ್ಷಕರ ವರ್ಗಾವಣೆಯೊಡನೆ ಪಾಸ್‌ವರ್ಡೂ ಊರು ಬಿಟ್ಟರೆ ಯಂತ್ರವಿದ್ದೂ ಕೈಗೆ ಬಾರದು. ಯಂತ್ರ ಆನ್ ಆದಾಗ ಮೊದಲು ಓಡುವ ಬಯಾಸ್‌ಗೂ ಪಾಸ್‌ವರ್ಡ್ ಇಟ್ಟು, ಪೆನ್‌ಡ್ರೈವ್‌ನಿಂದ ಬೂಟ್ ಆಗುವುದನ್ನು ತಡೆಯಿರಿ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ವೈರಸ್ ಹೊತ್ತು ತರುತ್ತದೆ. ಶಿಕ್ಷಕರದ್ದೂ ಸೇರಿದಂತೆ ಹೊರಗಿನ ಪೆನ್‌ಡ್ರೈವ್ ಮೊದಲು ಕಚೇರಿಯ ಒಂದೇ ಯಂತ್ರದಲ್ಲಿ ಸ್ಕ್ಯಾನ್ ಆಗಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಏರದ ಹಳೆಯ ಯಂತ್ರಗಳನ್ನು ಬಿಸಾಡಬೇಕಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಚೆನ್ನಾಗಿ ಓಡುತ್ತದೆ, ಅದರಲ್ಲಿ ಕನ್ನಡದ ಕಗಪ ಕೀಲಿಮಣೆಯೂ ಸಿಗುತ್ತದೆ. ಯಾವುದರಲ್ಲೇ ಆಗಲಿ, ಕನ್ನಡ ಟೈಪಿಂಗ್ ಯೂನಿಕೋಡ್‌ನಲ್ಲೇ ಎಂಬುದು ನಿಯಮವಾಗಿರಲಿ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪ್ರಬಂಧವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು.

ಅಂತರ್ಜಾಲಕ್ಕೆ ರೂಟರ್‌ನಲ್ಲಿ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಜಾಗ ಹುಡುಕಿಕೊಡುವ ಸೇವೆ) ವಿಳಾಸ 1.1.1.3 ಮತ್ತು 1.0.0.3 ಹಾಕಿ. ಇದು ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ, ವಯಸ್ಕರ ತಾಣಗಳನ್ನೂ ಕೇಡಿನ ತಾಣಗಳನ್ನೂ ತಡೆಯುತ್ತದೆ. ಇದಕ್ಕೆ ಮಿತಿಗಳಿವೆ: ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿದರೆ ಈ ತಡೆ ಇಲ್ಲ, ಬ್ರೌಸರ್‌ನಲ್ಲಿ ಬೇರೆಯ ಸುರಕ್ಷಿತ ಡಿಎನ್‌ಎಸ್ ಆರಿಸಿದರೂ ಇಲ್ಲ, ಯೂಟ್ಯೂಬ್‌ನೊಳಗಿನ ವಿಡಿಯೋಗಳನ್ನು ಅದು ಬಿಡಿಬಿಡಿಯಾಗಿ ಸೋಸುವುದಿಲ್ಲ. ಆದ್ದರಿಂದ ಡೆಸ್ಕುಗಳನ್ನು ಗೋಡೆಗುಂಟ ಲಾಳದಾಕಾರಕ್ಕೆ ಹಾಕಿ, ಪರದೆಗಳೆಲ್ಲ ಒಳಮುಖವಾಗಿರಲಿ, ಶಿಕ್ಷಕರು ನಡುವೆ ನಡೆದಾಡಲಿ. ಯಾವ ತಂತ್ರಾಂಶಕ್ಕಿಂತಲೂ ಇದೇ ಹೆಚ್ಚು ಕೆಲಸ ಮಾಡುತ್ತದೆ. ನೆಟ್ ನೆಚ್ಚಲಾಗದ ಊರಿನಲ್ಲಿ ಕೋಲಿಬ್ರಿ, ಕಿವಿಕ್ಸ್‌ನಂಥ ಆಫ್‌ಲೈನ್ ವ್ಯವಸ್ಥೆ ಹಾಕಿಕೊಳ್ಳಿ. ಕನ್ನಡ ವಿಕಿಪೀಡಿಯವನ್ನು ನೆಟ್ ಇಲ್ಲದೆ ಓದಬಹುದು.

ಮಕ್ಕಳ ಮಾಹಿತಿ, ಎಐ, ಕೆಟ್ಟದ್ದು ಕಂಡಾಗ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂಬುದು ಅದರ ತಿರುಳು. ಹೊಸ ಕಲಿಕಾ ಆ್ಯಪ್ ಹೆಸರು, ಜನ್ಮದಿನಾಂಕ, ಫೋನ್ ನಂಬರ್ ಕೇಳಿದರೆ ಮುಖ್ಯಶಿಕ್ಷಕರ ಅನುಮತಿಯಿಲ್ಲದೆ ತುಂಬುವಂತಿಲ್ಲ ಎಂದು ಬರೆಯಿರಿ. ಆಧಾರ್ ಸಂಖ್ಯೆ, ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸ್ಯಾಟ್ಸ್ ಸಂಖ್ಯೆ ಎರಡೂ ಲ್ಯಾಪ್‌ಟಾಪ್‌ನ ಲೇಬಲ್ ಮೇಲಾಗಲೀ ಫೈಲಿನ ಹೆಸರಲ್ಲಾಗಲೀ ಬರಬಾರದು.

ಚಾಟ್‌ಜಿಪಿಟಿಯಂಥ ಸೇವೆಗೆ ಕನಿಷ್ಠ 13 ವರ್ಷ, 18ರೊಳಗಿನವರಿಗೆ ಪೋಷಕರ ಸಮ್ಮತಿ ಎಂದು ಆ ಸಂಸ್ಥೆಯೇ ಹೇಳಿದೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಅದನ್ನು ಬಳಸಿದರೆ ಏನು ಕೇಳಿದೆ, ಎಷ್ಟು ತೆಗೆದುಕೊಂಡೆ ಎಂದು ಕೊನೆಯಲ್ಲಿ ಎರಡು ಸಾಲು ಬರೆಯಲಿ; ಶಿಕ್ಷಕರು ಆ ಕೆಲಸದ ಬಗ್ಗೆ ಎರಡು ಮೌಖಿಕ ಪ್ರಶ್ನೆ ಕೇಳಲಿ. ಎಐ ಪತ್ತೆ ಹಚ್ಚುತ್ತೇವೆನ್ನುವ ತಂತ್ರಾಂಶಗಳ ಮಾತು ನಂಬಿ ಮಗುವಿನ ಮೇಲೆ ಆರೋಪ ಹೊರಿಸಬೇಡಿ, ಅವು ತಪ್ಪುತ್ತವೆ.

ಪರದೆಯ ಮೇಲೆ ಅಶ್ಲೀಲ ಚಿತ್ರ, ಬೆದರಿಕೆ ಕಂಡರೆ ಮಗು ಮುಚ್ಚಳ ಮುಚ್ಚಿ ಕೈ ಎತ್ತಬೇಕು, ಅಷ್ಟೇ. ಬೈಗುಳ ಬರುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿರಿ. ಶಿಕ್ಷಕರು ಯಂತ್ರದ ಸಂಖ್ಯೆ, ಸಮಯ ಬರೆದುಕೊಂಡು ಅದನ್ನು ಬದಿಗಿಡಲಿ. ಮಕ್ಕಳ ಅಶ್ಲೀಲ ಚಿತ್ರವಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆಯುವುದು, ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವುದೂ ಅಪರಾಧವಾಗಬಹುದು. ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ, ಶಾಲೆಯೊಳಗೇ ಮುಗಿಸುವ ವಿಷಯವಲ್ಲ. ಮಕ್ಕಳ ಸಹಾಯವಾಣಿ 1098, ಹಣದ ಸೈಬರ್ ವಂಚನೆಗೆ 1930: ಎರಡೂ ಗೋಡೆಯ ಮೇಲಿರಲಿ.

ಸಹಿ ಮತ್ತು ರಜೆ

ಒಟ್ಟು ನಿಯಮ ಒಂದು ಪುಟ ಮೀರಬಾರದು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಪೋಷಕರ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದ ತಾಯಿ ಏನಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆಂದು ತಿಳಿದೇ ಒತ್ತಬೇಕು. ಮನೆಯಲ್ಲಿ ಉರ್ದು, ತಮಿಳು, ಲಂಬಾಣಿ ಆಡುವವರಿಗೆ ಅವರ ಮಾತಿನಲ್ಲಿ ವಿವರಿಸುವವರು ಊರಲ್ಲೇ ಇರುತ್ತಾರೆ.

ದಸರಾ ಮತ್ತು ಬೇಸಿಗೆ ರಜೆಗೆ ಮುಂಚೆ ಬ್ಯಾಟರಿಯನ್ನು 50ರಿಂದ 60 ಪ್ರತಿಶತಕ್ಕೆ ತಂದು, ಸ್ಲೀಪ್ ಅಲ್ಲ, ಪೂರ್ತಿ ಆಫ್ ಮಾಡಿ ಇಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಬೀರುವಿನ ಪ್ರತಿ ಖಾನೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನೀಲಿ ಹರಳು ಗುಲಾಬಿಗೆ ತಿರುಗಿದರೆ ಬದಲಿಸಿ. ಬೇಸಿಗೆಯ ನಡುವೆ ಒಮ್ಮೆ ಯಾರಾದರೂ ಬಂದು ಚಾರ್ಜ್ ನೋಡುವ ಸರದಿಯನ್ನು ಹೆಸರು ಸಮೇತ ಬರೆದಿಡಿ. ಶಾಲೆ ತೆರೆದ ಕೂಡಲೇ, ತರಗತಿ ಶುರುವಾಗುವ ಮುನ್ನ, ನಾಲ್ಕು ನಾಲ್ಕೇ ಯಂತ್ರಗಳನ್ನು ಆನ್ ಮಾಡಿ ಅಪ್‌ಡೇಟ್ ಮುಗಿಸಿ. 20ನ್ನೂ ಒಮ್ಮೆಗೇ ಬಿಟ್ಟರೆ ನೆಟ್ ಕುಸಿಯುತ್ತದೆ. ಮಾಡದೇ ಬಿಟ್ಟರೆ ಮಕ್ಕಳ ಮೊದಲ ಪೀರಿಯಡ್ ಪೂರ್ತಿ ಪರದೆಯ ಮೇಲೆ ತಿರುಗುವ ಚುಕ್ಕಿಗಳನ್ನು ನೋಡುವುದರಲ್ಲೇ ಕಳೆಯುತ್ತದೆ.